ಪಟ್ಟಿಯಲ್ಲಿ ನನ್ನ ಹೆಸರು ಎಲ್ಲಿ?

‘ಆಕ್ಸೆಸ್ ಈಸ್ ಡಿನೈಡ್.’

ಮೂರನೇ ಸೆಮಿಸ್ಟರ್‌ನ ಮೊದಲ ಎರಡು ತಿಂಗಳಲ್ಲಿ ಈ ಸಂದೇಶವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಮ್ಮ ಲ್ಯಾಬ್‌ನಲ್ಲಿ ಒಂದು ನಿಯಮ. ಅವಧಿ ಮುಗಿಯುವುದರೊಳಗೆ ಪ್ರೋಗ್ರಾಂ ಮತ್ತು ಔಟ್‌ಪುಟ್ ಎರಡನ್ನೂ ಸರ್ವರ್‌ನಲ್ಲಿರುವ ತರಗತಿಯ ಫೋಲ್ಡರ್‌ಗೆ ಹಾಕಬೇಕು. ಅದನ್ನು ನೋಡಿಯೇ ಅಂಕ. ಪಕ್ಕದವಳು ಕ್ಲಿಕ್ ಮಾಡಿದರೆ ಫೋಲ್ಡರ್ ತೆರೆಯುತ್ತಿತ್ತು. ನಾನು ಮಾಡಿದರೆ ಬಾಗಿಲು ಬಂದ್!

ನನ್ನ ಊರು ಕೆಜಿಎಫ್‌ನ ಉರಿಗಾಂ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿನ ಕಡೆಗಿರುವ ಕಾಲೇಜಿಗೆ ಹೋಗುತ್ತೇನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಓದಿ, ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಬಿಇಗೆ ಸೇರಿದವಳು ನಾನು. ಲ್ಯಾಟರಲ್ ಎಂಟ್ರಿ ಅಂತಾರಲ್ಲ, ಅದು. ನಮ್ಮ ತರಗತಿಯಲ್ಲಿ ನನ್ನಂಥವರು ಒಟ್ಟು ಒಂಬತ್ತು ಮಂದಿ. ಉಳಿದವರೆಲ್ಲ ಒಂದು ವರ್ಷ ಜೊತೆಗೇ ಕಳೆದು ಗೆಳೆಯರಾಗಿದ್ದವರು. ನಾವು ಕೊನೆಯ ಬೆಂಚಿನ ಹೊಸಬರು.

ಫೋಲ್ಡರ್ ತೆರೆಯುತ್ತಿಲ್ಲ ಎಂದಾಗ ಮೊದಲು ಬಂದ ಉತ್ತರ, ‘ಪಾಸ್‌ವರ್ಡ್ ಸರಿಯಾಗಿ ಹಾಕಿ’. ಎರಡನೆಯದು, ‘ಬೇರೆ ಸಿಸ್ಟಮ್‌ನಲ್ಲಿ ಕೂತು ನೋಡಿ’. ಮೂರನೆಯದು, ‘ಡಿಪ್ಲೊಮಾದವರಿಗೆ ಅಭ್ಯಾಸ ಆಗೋಕೆ ಸ್ವಲ್ಪ ಟೈಮ್ ಬೇಕು ಬಿಡಿ’. ಮೊದಲ ಎರಡನ್ನು ಸಹಿಸಿಕೊಂಡೆ. ಮೂರನೆಯದು ಮಾತ್ರ ಚುಚ್ಚಿತು. ನಮ್ಮಲ್ಲೊಬ್ಬಳಂತೂ, ‘ನಂಗೇ ಏನೂ ಬರಲ್ಲ ಕಣೇ, ಸುಮ್ನೆ ಸೇರ್ಕೊಂಡೆ’ ಎಂದು ರೈಲಿನಲ್ಲಿ ಅತ್ತುಬಿಟ್ಟಳು. ಎರಡು ಪ್ರಯೋಗಗಳಿಗೆ ನಮಗೆ ಸೊನ್ನೆ ಬಿದ್ದಿತ್ತು.

ಕಪ್ಪು ಪರದೆಯ ಉತ್ತರ

ಕಾಲೇಜಿನ ಕಂಪ್ಯೂಟರ್‌ಗಳು ಮನೆಯ ಲ್ಯಾಪ್‌ಟಾಪ್‌ನಂತಲ್ಲ. ನಮ್ಮ ಯೂಸರ್ ಹೆಸರು, ಪಾಸ್‌ವರ್ಡ್ ಆಯಾ ಯಂತ್ರದಲ್ಲಿ ಇರುವುದಿಲ್ಲ. ಡೊಮೈನ್ ಕಂಟ್ರೋಲರ್ ಎಂಬ ಒಂದು ಸರ್ವರ್‌ನಲ್ಲಿ ಎಲ್ಲರ ಪಟ್ಟಿ ಇರುತ್ತದೆ. ಆಕ್ಟಿವ್ ಡೈರೆಕ್ಟರಿ ಎನ್ನುವ ಈ ವ್ಯವಸ್ಥೆ ವಿಂಡೋಸ್ 2000 ಸರ್ವರ್ ಜೊತೆಗೆ ಬಂದದ್ದು. ಅದರಲ್ಲಿ ಯೂಸರ್‌ಗಳಿರುತ್ತಾರೆ, ಯೂಸರ್‌ಗಳನ್ನು ಸೇರಿಸಿದ ಗ್ರೂಪ್‌ಗಳಿರುತ್ತವೆ. ಸಾಮಾನ್ಯವಾಗಿ ಫೋಲ್ಡರ್‌ನ ಅನುಮತಿಯನ್ನು ಒಬ್ಬೊಬ್ಬರಿಗೆ ಕೊಡುವುದಿಲ್ಲ, ಗ್ರೂಪ್‌ಗೆ ಕೊಡುತ್ತಾರೆ. ನೀವು ಆ ಗ್ರೂಪಿನಲ್ಲಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನಿಮ್ಮ ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಅಷ್ಟೇ.

ಇದು ಗೊತ್ತಾದದ್ದು ಡಿಪ್ಲೊಮಾದಲ್ಲಿ ಓದಿದ ನೆಟ್‌ವರ್ಕಿಂಗ್ ನೋಟ್ಸ್ ತೆಗೆದು ನೋಡಿದಾಗ. ಮರುದಿನ ಲ್ಯಾಬ್ ಸಹಾಯಕರನ್ನು ಕೇಳಿದೆ, ‘ಸರ್, ನನ್ನ ಹೆಸರು ಯಾವ ಗ್ರೂಪಿನಲ್ಲಿದೆ ಅಂತ ನೋಡ್ಲಾ?’ ಅವರು, ‘ನೋಡಮ್ಮಾ, ಏನೂ ಬದಲಾಯಿಸಬೇಡ ಅಷ್ಟೇ’ ಎಂದರು. ಸಾಮಾನ್ಯ ಯೂಸರ್ ಬದಲಾಯಿಸಲು ಹೋದರೂ ಆಗುವುದಿಲ್ಲ. ಆದರೆ ಪಟ್ಟಿ ಓದಲು, ಯಾರೂ ನಿರ್ಬಂಧ ಹಾಕಿರದಿದ್ದರೆ, ಡೊಮೈನ್‌ನ ಪ್ರತಿಯೊಬ್ಬ ಸದಸ್ಯನಿಗೂ ಅವಕಾಶವಿದೆ. ಇದು ನನಗೂ ಹೊಸ ವಿಷಯವಾಗಿತ್ತು.

ಕಮಾಂಡ್ ಪ್ರಾಂಪ್ಟ್ ತೆರೆದೆ. ‘ನೆಟ್ ಯೂಸರ್’ ಎಂದು ಟೈಪ್ ಮಾಡಿ, ನನ್ನ ಯೂಸರ್ ಹೆಸರು ಬರೆದು, ಕೊನೆಗೆ ಸ್ಲ್ಯಾಷ್ ಹಾಕಿ ‘ಡೊಮೈನ್’ ಎಂದು ಸೇರಿಸಿ ಎಂಟರ್ ಒತ್ತಿದೆ. ಕೋರಿಕೆಯನ್ನು ಡೊಮೈನ್ ಕಂಟ್ರೋಲರ್ ನೋಡಿಕೊಳ್ಳುತ್ತದೆ ಎಂಬ ಸಾಲು ಬಂತು. ಆಮೇಲೆ ನನ್ನ ಪೂರ್ತಿ ಜಾತಕ! ಖಾತೆ ಚಾಲ್ತಿಯಲ್ಲಿದೆಯೇ, ಪಾಸ್‌ವರ್ಡ್ ಯಾವಾಗ ಬದಲಾಯಿಸಿದ್ದು, ಕೊನೆಯ ಸಲ ಲಾಗಿನ್ ಆದದ್ದು ಯಾವಾಗ, ಎಲ್ಲವೂ. ಕೆಳಗಡೆ ಗ್ರೂಪ್‌ಗಳ ಸಾಲು. ಅಲ್ಲಿದ್ದದ್ದು ಒಂದೇ ಹೆಸರು, ‘ಡೊಮೈನ್ ಯೂಸರ್ಸ್’. ಖಾತೆ ತೆರೆದ ಪ್ರತಿಯೊಬ್ಬರೂ ತಾನಾಗಿಯೇ ಸೇರುವ ಗ್ರೂಪ್ ಅದು.

ಪಕ್ಕದವಳಿಗೆ ಅವಳದ್ದನ್ನು ನೋಡಲು ಹೇಳಿದೆ. ಅವಳಿಗೆ ಎರಡು ಗ್ರೂಪ್. ಎರಡನೆಯದು ನಮ್ಮ ತರಗತಿಯದ್ದು.

ಇನ್ನು ಉಳಿದದ್ದು ಒಂದೇ ಕೆಲಸ. ‘ನೆಟ್ ಗ್ರೂಪ್’, ಮುಂದೆ ತರಗತಿಯ ಗ್ರೂಪಿನ ಹೆಸರು, ಮತ್ತೆ ಸ್ಲ್ಯಾಷ್ ಡೊಮೈನ್. ಮೂರು ಕಾಲಂಗಳಲ್ಲಿ ಸದಸ್ಯರ ಹೆಸರುಗಳು ಸಾಲಾಗಿ ಬಂದವು. ಅಟೆಂಡೆನ್ಸ್ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಟಿಕ್ ಹಾಕುತ್ತಾ ಹೋದೆ. ಟಿಕ್ ಬೀಳದೆ ಉಳಿದದ್ದು ಒಂಬತ್ತು ಹೆಸರು. ಅಷ್ಟೂ ನಾವೇ! ಮೊದಲ ವರ್ಷದ ಪ್ರವೇಶ ಪಟ್ಟಿ ನೋಡಿ ಮಾಡಿದ ಗ್ರೂಪ್ ಅದು. ಆಮೇಲೆ ಬಂದವರಿಗೆ ಖಾತೆ ತೆರೆದಿದ್ದರು, ಗ್ರೂಪಿಗೆ ಸೇರಿಸಲು ಮರೆತಿದ್ದರು. ವಿಚಿತ್ರವೆಂದರೆ, ಮೊದಲ ವರ್ಷಕ್ಕೇ ಕಾಲೇಜು ಬಿಟ್ಟು ಹೋದ ಇಬ್ಬರ ಹೆಸರು ಮಾತ್ರ ಭದ್ರವಾಗಿ ಅಲ್ಲೇ ಇತ್ತು. ಹೋದವರು ಒಳಗೆ, ಬಂದವರು ಹೊರಗೆ.

ಕೋಪ ಬಂತು, ನಿಜ. ಅದಕ್ಕಿಂತ ಹೆಚ್ಚಾಗಿ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ತಪ್ಪು ನಮ್ಮದಲ್ಲ, ನಮ್ಮ ಡಿಪ್ಲೊಮಾದ್ದೂ ಅಲ್ಲ. ರೈಲಿನಲ್ಲಿ ಅತ್ತವಳಿಗೆ ಆ ಪರದೆ ತೋರಿಸಿದೆ. ಅವಳು ಎರಡು ಸಲ ಎಣಿಸಿ ನೋಡಿದಳು.

ಒಂಬತ್ತು ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಬ್ ಸಹಾಯಕರಿಗೆ ಕೊಟ್ಟೆ. ಅವರು ಎರಡೇ ನಿಮಿಷದಲ್ಲಿ ಸೇರಿಸಿದರು. ಓಡಿ ಹೋಗಿ ಫೋಲ್ಡರ್ ತೆರೆದರೆ ಮತ್ತೆ ಅದೇ ‘ಆಕ್ಸೆಸ್ ಈಸ್ ಡಿನೈಡ್’! ಅವರು ನಕ್ಕು, ‘ಲಾಗ್ ಆಫ್ ಮಾಡಿ ಮತ್ತೆ ಬಾರಮ್ಮಾ, ನಿನ್ನ ಹತ್ರ ಹಳೇ ಟೋಕನ್ ಇದೆ’ ಎಂದರು. ನಾವು ಲಾಗಿನ್ ಆದಾಗ ವಿಂಡೋಸ್ ನಮಗೊಂದು ಟೋಕನ್ ತಯಾರಿಸುತ್ತದೆ. ನಾವು ಯಾವ ಯಾವ ಗ್ರೂಪಿನವರು ಎಂಬುದು ಅದರಲ್ಲಿರುತ್ತದೆ. ಪಟ್ಟಿ ಬದಲಾದರೂ ಕೈಯಲ್ಲಿರುವ ಟೋಕನ್ ಬದಲಾಗುವುದಿಲ್ಲ. ಹೊರಗೆ ಹೋಗಿ ಮತ್ತೆ ಬಂದರೆ ಹೊಸದು ಸಿಗುತ್ತದೆ. ‘ಹೂ ಆ್ಯಮ್ ಐ’ ಎಂಬ ಕಮಾಂಡಿನ ಮುಂದೆ ಸ್ಲ್ಯಾಷ್ ಗ್ರೂಪ್ಸ್ ಎಂದು ಸೇರಿಸಿದರೆ ಆ ಟೋಕನ್‌ನಲ್ಲಿ ಏನಿದೆ ಎಂದು ಓದಬಹುದು. ಒಂದು ಗ್ರೂಪಿನೊಳಗೆ ಇನ್ನೊಂದು ಗ್ರೂಪ್ ಸೇರಿಕೊಂಡಿದ್ದರೆ ನೆಟ್ ಯೂಸರ್ ಅದನ್ನು ತೋರಿಸುವುದಿಲ್ಲ, ಇದು ತೋರಿಸುತ್ತದೆ.

ಲಾಗ್ ಆಫ್ ಮಾಡಿ ಬಂದೆ. ಫೋಲ್ಡರ್ ತೆರೆಯಿತು.

ತಾತನ ಬಿಲ್ಲೆ

ಸಂಜೆ ಮನೆಯಲ್ಲಿ ಟೋಕನ್ ಕಥೆ ಹೇಳುತ್ತಿದ್ದಾಗ ತಾತ ಎದ್ದು ಒಳಗೆ ಹೋದರು. ಟ್ರಂಕಿನಿಂದ ಒಂದು ಹಿತ್ತಾಳೆ ಬಿಲ್ಲೆ ತಂದು ನನ್ನ ಕೈಗಿಟ್ಟರು. ಅದರ ಮೇಲೊಂದು ನಂಬರು. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು.

‘ಕೆಳಗೆ ಇಳಿಯೋವಾಗ ನಂಬರ್ ಕೊಟ್ಟು ಲೈಟ್ ತಗೋತಿದ್ವಿ. ಮೇಲೆ ಬಂದ ಮೇಲೆ ಲೈಟ್ ವಾಪಸ್ ಕೊಡ್ಬೇಕು. ಯಾವನಾದ್ರೂ ಲೈಟ್ ಬಂದಿಲ್ಲ ಅಂದ್ರೆ ಅವನು ಇನ್ನೂ ಕೆಳಗವ್ನೆ ಅಂತ ಅರ್ಥ. ಅವನು ಸಿಗೋವರ್ಗೂ ಯಾರ್ಗೂ ಸಮಾಧಾನ ಇಲ್ಲ’ ಎಂದರು ತಾತ. ಅವರಿಗೆ ಪಟ್ಟಿ ಎಂದರೆ ಜೀವದ ಲೆಕ್ಕ.

ಆದರೆ ಅದೇ ಊರಿನ ಪಟ್ಟಿಗೆ ಇನ್ನೊಂದು ಮುಖವೂ ಇತ್ತು. 1930ರಲ್ಲಿ ಇಲ್ಲಿನ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಪಟ್ಟಿ ಯಾರ ಕೈಯಲ್ಲಿದೆ, ಯಾತಕ್ಕೆ ಬಳಸುತ್ತಾರೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ನಾನು ಹುಟ್ಟುವ ಮುಂಚಿನ ಮಾತು. ನಮ್ಮ ತಲೆಮಾರಿಗೆ ಉಳಿದದ್ದು ಸೈನೈಡ್ ದಿಬ್ಬಗಳು, ಲೈನ್ ಮನೆಗಳು ಮತ್ತು ಬೆಳಗಿನ ರೈಲು.

ಹಳೆ ಹೆಸರಿನ ಅಪಾಯ

ಕಾಲೇಜು ಬಿಟ್ಟವರ ಹೆಸರು ಉಳಿದರೆ ಏನು ನಷ್ಟ ಎಂದು ನಾನೂ ಅಂದುಕೊಂಡಿದ್ದೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಇಂಧನ ಸಾಗಣೆ ಕಂಪನಿಯ ಮೇಲೆ ಸೈಬರ್ ದಾಳಿಯಾಗಿ, ಪೈಪ್‌ಲೈನ್ ಹಲವು ದಿನ ನಿಂತುಹೋಯಿತು. ದಾಳಿಕೋರರು ಒಳಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯ ಪಾಸ್‌ವರ್ಡ್ ಹಿಡಿದು. ಕಂಪನಿ 40 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೊಡಬೇಕಾಯಿತು. ಎಲ್ಲ ಒಂದು ಮರೆತ ಹೆಸರಿನಿಂದ!

ಇನ್ನೊಂದು ಮಾತು. ನಾನು ಬಳಸಿದ ಕಮಾಂಡ್‌ಗಳನ್ನೇ ಕಳ್ಳರೂ ಬಳಸುತ್ತಾರೆ. ಒಳಗೆ ನುಸುಳಿದವರು ಬೇಗನೆ ಮಾಡುವ ಕೆಲಸಗಳಲ್ಲಿ ಒಂದು, ‘ಡೊಮೈನ್ ಅಡ್ಮಿನ್ಸ್’ ಗ್ರೂಪಿನಲ್ಲಿ ಯಾರಿದ್ದಾರೆ ಎಂದು ಹುಡುಕುವುದು. ಅದಕ್ಕೇ ದೊಡ್ಡ ಕಂಪನಿಗಳಲ್ಲಿ ಇಂಥ ಕಮಾಂಡ್‌ಗಳ ಮೇಲೂ ಕಣ್ಣಿಟ್ಟಿರುತ್ತಾರೆ. ಅನುಮತಿ ಇಲ್ಲದೆ ಬೇರೆಯವರ ವ್ಯವಸ್ಥೆಗೆ ಕೈಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳ ಅಡಿ ಅಪರಾಧವಾಗಬಹುದು. ಆದ್ದರಿಂದ ಗೆಳೆಯರೇ, ಲ್ಯಾಬ್‌ನಲ್ಲಿ ಪ್ರಯತ್ನಿಸುವ ಮುಂಚೆ ಒಂದು ಮಾತು ಕೇಳಿ. ಕೇಳಿದ್ದರಿಂದಲೇ ನನ್ನ ಹಾಳೆಯನ್ನು ದೂರು ಎಂದುಕೊಳ್ಳದೆ ಸಹಾಯ ಎಂದುಕೊಂಡರು.

ಉಳಿದ ಪ್ರಯೋಗಗಳ ಅಂಕ ನಮಗೆ ಸಿಕ್ಕಿತು. ಮೊದಲೆರಡರದ್ದು ಸಿಗಲಿಲ್ಲ. ಪಟ್ಟಿ ಆಗಲೇ ಮೇಲಕ್ಕೆ ಹೋಗಿತ್ತಂತೆ. ಆ ಬೇಸರ ಈಗಲೂ ಇದೆ. ‘ಡಿಪ್ಲೊಮಾದವರಿಗೆ ಅಭ್ಯಾಸ ಇಲ್ಲ’ ಎಂಬ ಮಾತು ಮಾತ್ರ ಮತ್ತೆ ಕೇಳಿಬಂದಿಲ್ಲ.

ಈಗ ನಾನು ಐದನೇ ಸೆಮಿಸ್ಟರ್. ಈ ವರ್ಷವೂ ಹೊಸದಾಗಿ ಡಿಪ್ಲೊಮಾ ಮುಗಿಸಿದವರು ಮೂರನೇ ಸೆಮಿಸ್ಟರ್‌ಗೆ ಬಂದರು. ಅವರ ಮೊದಲ ಲ್ಯಾಬ್‌ಗೆ ಮುಂಚೆಯೇ ನಾವು ಕೆಲವರು ಅವರ ಹೆಸರು ಬರೆದುಕೊಂಡು ಹೋಗಿ ಕೊಟ್ಟೆವು. ಬಿಟ್ಟುಹೋದವರ ಹೆಸರು ತೆಗೆಯಿರಿ ಎಂದೂ ಕೇಳಿದೆವು. ಮೊದಲ ದಿನವೇ ಎಲ್ಲರ ಫೋಲ್ಡರ್ ತೆರೆಯಿತು.

ಆ ರಾತ್ರಿ ರೈಲಿಳಿದು ಮನೆಗೆ ಬಂದು ತಾತನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಎಲ್ಲಾರೂ ಬಂದ್ರೇನಮ್ಮಾ?’

‘ಎಲ್ಲಾರೂ ಬಂದ್ರು ತಾತ.’