ಗುರಿ ತಪ್ಪಿಸುವುದು ಕೈಯೋ, ಹಿಡಿಯೋ?

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಸೋತವರು ಸಲಕರಣೆಯನ್ನು ದೂರಿದಾಗಲೆಲ್ಲ ಮನೆಯ ಹಿರಿಯರು ಈ ಮಾತನ್ನು ಆಡಿಯೇ ಆಡುತ್ತಾರೆ. ಆದರೆ ಪಿಸ್ತೂಲು ಶೂಟಿಂಗ್ ಕ್ರೀಡೆಯ ಮಟ್ಟಿಗೆ ಈ ಗಾದೆಯನ್ನು ಸ್ವಲ್ಪ ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. ಇಲ್ಲಿ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಕೈಗೆ ಹೊಂದದ ಹಿಡಿ, ತೋಳಿಗೆ ಮೀರಿದ ತೂಕ, ಬೆರಳಿಗೆ ಎಟುಕದ ಟ್ರಿಗರ್ ಇವು ಒಳ್ಳೆಯ ಶೂಟರನ್ನೂ ಸಾಧಾರಣ ಶೂಟರನ್ನಾಗಿ ಮಾಡಬಲ್ಲವು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚಿನ ಪದಕ ಗೆದ್ದರು. ಎರಡು ದಿನಗಳ ಬಳಿಕ ಸರಬ್‌ಜೋತ್ ಸಿಂಗ್ ಜತೆಗೂಡಿ ಮಿಶ್ರ ತಂಡದಲ್ಲಿ ಇನ್ನೊಂದು ಕಂಚನ್ನೂ ತಂದರು. ಅಂಥ ಗೆಲುವನ್ನು ಟಿ.ವಿ.ಯಲ್ಲಿ ಕಂಡು ತಾವೂ ಪಿಸ್ತೂಲು ಹಿಡಿಯಬೇಕೆಂದು ಹಟ ಹಿಡಿಯುವ ಮಕ್ಕಳು ಹೊರನಾಡ ಕನ್ನಡಿಗರ ಮನೆಗಳಲ್ಲೂ ಇದ್ದಾರೆ. ಮುಂಬಯಿಯ ವರ್ಲಿ, ಪುಣೆಯ ಬಾಲೇವಾಡಿ, ಹೈದರಾಬಾದಿನ ಗಚ್ಚಿಬೌಲಿ, ದೆಹಲಿಯ ತುಘಲಕಾಬಾದಿನಲ್ಲಿರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ಹೀಗೆ ನಮ್ಮವರು ನೆಲೆಸಿರುವ ನಗರಗಳಲ್ಲಿ ಅಭ್ಯಾಸಕ್ಕೆ ಅನುಕೂಲವೂ ಇದೆ. ಮಕ್ಕಳನ್ನು ಕರೆದೊಯ್ಯುವ ತಂದೆ-ತಾಯಂದಿರು ಈ ಆಟದ ಒಂದು ಮೂಲಭೂತ ವಿಷಯವನ್ನು ಮೊದಲೇ ತಿಳಿದುಕೊಂಡರೆ ಮಕ್ಕಳ ಶ್ರಮವೂ ಮನೆಯ ಹಣವೂ ಉಳಿಯುತ್ತದೆ.

ಕಾಲು ಮಿಲಿಮೀಟರಿನ ಲೆಕ್ಕ

ಹತ್ತು ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಸೀಸದ ಗುಂಡಿನ ವ್ಯಾಸ 4.5 ಮಿಲಿಮೀಟರ್. ಗುಂಡಿನ ಅಂಚು ವೃತ್ತದ ಗೆರೆಯನ್ನು ಮುಟ್ಟಿದರೂ ಅಂಕ ದೊರೆಯುವುದರಿಂದ, ಗುಂಡಿನ ಮಧ್ಯಭಾಗ ಗುರಿಯ ನಡುವಿನಿಂದ ಹೆಚ್ಚೆಂದರೆ 8 ಮಿಲಿಮೀಟರ್ ಆಚೀಚೆ ಹೋಗಬಹುದು.

ಈಗ ಪಿಸ್ತೂಲಿನತ್ತ ನೋಡೋಣ. ಕಣ್ಣಿನ ಬಳಿ ಇರುವ ಹಿಂದಿನ ಸೈಟ್‌ನ ಕಚ್ಚಿನಲ್ಲಿ, ನಳಿಗೆಯ ತುದಿಯ ಮುಂದಿನ ಸೈಟ್ ಸರಿಯಾಗಿ ನಡುವೆ ಕೂರಬೇಕು. ಇವೆರಡರ ನಡುವಿನ ಅಂತರ ಸುಮಾರು 320 ಮಿಲಿಮೀಟರ್ ಎಂದಿಟ್ಟುಕೊಂಡರೆ, ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು ಸುಮಾರು 31 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಂದರೆ ಹತ್ತು ಅಂಕ ಬೇಕಿದ್ದರೆ ಸೈಟ್‌ಗಳ ಹೊಂದಾಣಿಕೆಯಲ್ಲಿ ಕಾಲು ಮಿಲಿಮೀಟರಿಗಿಂತ ಹೆಚ್ಚಿನ ತಪ್ಪಿಗೆ ಅವಕಾಶವೇ ಇಲ್ಲ.

ಇನ್ನೊಂದು ಲೆಕ್ಕವೂ ಇದೆ. ಸ್ಪರ್ಧೆಯ ಏರ್ ಪಿಸ್ತೂಲಿನ ತೂಕ ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು. ನಿಯಮದಂತೆ ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕು. ಒಂದೇ ಕೈಯಲ್ಲಿ, ತೋಳು ಚಾಚಿ ಹಿಡಿದ ವಸ್ತುವಿನ ಮೇಲೆ ಅದರ ತೂಕದ ಅರ್ಧದಷ್ಟು ಬಲವನ್ನು ಬೆರಳು ಹಾಕಬೇಕು. ಆ ಬಲ ನೇರವಾಗಿ ಹಿಂದಕ್ಕೆ ಹೋದರೆ ಸೈಟ್ ಅಲುಗುವುದಿಲ್ಲ. ಎಳ್ಳಷ್ಟು ಪಕ್ಕಕ್ಕೆ ಹೋದರೂ ಆ ಕಾಲು ಮಿಲಿಮೀಟರ್ ಕೈಬಿಟ್ಟು ಹೋಗುತ್ತದೆ. ಬೆರಳು ನೇರವಾಗಿ ಎಳೆಯುತ್ತದೆಯೋ ಪಕ್ಕಕ್ಕೆ ತಳ್ಳುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಹಿಡಿಯ ಅಳತೆ.

ಹಿಡಿ ದೊಡ್ಡದಾದರೆ, ಚಿಕ್ಕದಾದರೆ

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಪಿಸ್ತೂಲಿನ ಹಿಂಬದಿಯಲ್ಲಿ ಆದಷ್ಟು ಮೇಲಕ್ಕೆ ಕೂರಬೇಕು. ಭಾರವನ್ನು ಮುಖ್ಯವಾಗಿ ನಡುಬೆರಳು ಮತ್ತು ಉಂಗುರ ಬೆರಳು ಹೊರಬೇಕು. ಹೆಬ್ಬೆರಳು, ಕಿರುಬೆರಳು ಸಡಿಲವಾಗಿರಬೇಕು. ತೋರುಬೆರಳು ಹಿಡಿಯ ಮೈಗೆ ಒರಸದೆ ಸ್ವತಂತ್ರವಾಗಿದ್ದು, ಅದರ ತುದಿಯ ಮೆತ್ತನೆಯ ಭಾಗ ಮಾತ್ರ ಟ್ರಿಗರಿನ ಮೇಲಿರಬೇಕು. ತರಬೇತುದಾರರು ಹೇಳಿಕೊಡುವ ಮೊದಲ ಪಾಠವಿದು.

ಚಿಕ್ಕ ಕೈಗೆ ದೊಡ್ಡ ಹಿಡಿ ಸಿಕ್ಕಿದರೆ ಟ್ರಿಗರ್ ಎಟುಕುವುದಿಲ್ಲ. ಎಟುಕಿಸಿಕೊಳ್ಳಲು ಮಗು ಇಡೀ ಅಂಗೈಯನ್ನೇ ಹಿಡಿಯ ಸುತ್ತ ತಿರುಗಿಸಿ ಹಿಡಿಯುತ್ತದೆ. ಆಗ ಪಿಸ್ತೂಲು ಮುಂಗೈಯ ನೇರಕ್ಕೆ ಇರುವುದಿಲ್ಲ, ಬೆರಳಿನ ತುದಿ ಟ್ರಿಗರನ್ನು ಹಿಂದಕ್ಕೆಳೆಯುವ ಬದಲು ಪಕ್ಕಕ್ಕೆ ನೂಕುತ್ತದೆ. ದೊಡ್ಡ ಕೈಗೆ ಚಿಕ್ಕ ಹಿಡಿ ಸಿಕ್ಕಿದರೆ ಇದಕ್ಕೆ ವ್ಯತಿರಿಕ್ತ. ಬೆರಳು ಗೆಣ್ಣಿನವರೆಗೂ ಒಳಗೆ ಹೋಗಿ ಟ್ರಿಗರನ್ನು ಕೊಕ್ಕೆಯಂತೆ ತನ್ನತ್ತ ಸೆಳೆಯುತ್ತದೆ. ಅಂಗೈಯಲ್ಲಿ ಜಾಗ ಖಾಲಿ ಉಳಿದು, ಪ್ರತಿ ಸಲವೂ ಪಿಸ್ತೂಲು ಬೇರೆ ಬೇರೆ ಕಡೆ ಕೂರುತ್ತದೆ.

ಹೊಂದದ ಹಿಡಿಯ ತೊಂದರೆ ಮೊದಲ ಗುಂಡಿನಲ್ಲೇ ಕಾಣಿಸಿಕೊಳ್ಳುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ಸಮಸ್ಯೆ. ಮಣಿಕಟ್ಟನ್ನು ಸ್ವಲ್ಪ ತಿರುಚಿ, ಬೆರಳನ್ನು ಸ್ವಲ್ಪ ಬಿಗಿದು ದೇಹ ಆ ಕೊರತೆಯನ್ನು ತಾನಾಗಿಯೇ ತುಂಬಿಕೊಡುತ್ತದೆ. ಅರ್ಹತಾ ಸುತ್ತಿನಲ್ಲಿ 60 ಗುಂಡು ಹಾರಿಸಬೇಕು. 2018ರಿಂದ ಮಹಿಳೆಯರಿಗೂ 40ರ ಬದಲು 60 ಗುಂಡುಗಳೇ. ಮೊದಲ ಇಪ್ಪತ್ತರಲ್ಲಿ ದೇಹ ಸುಧಾರಿಸಿಕೊಂಡು ಹೋಗುತ್ತದೆ. ಕೊನೆಯ ಇಪ್ಪತ್ತಕ್ಕೆ ಬರುವಾಗ ಸ್ನಾಯುಗಳು ದಣಿದು, ತಿರುಚಿದ ಮಣಿಕಟ್ಟು ತನ್ನ ಸಹಜ ಸ್ಥಿತಿಗೆ ಮರಳುತ್ತದೆ, ಅಂಕಗಳು ಒಂದೇ ಸಮನೆ ಇಳಿಯತೊಡಗುತ್ತವೆ. ಹಿಂದೆ ಕುಳಿತ ತಂದೆ-ತಾಯಿ "ಇವಳಿಗೆ ಏಕಾಗ್ರತೆ ಸಾಲದು" ಎಂದುಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಧ್ಯಾನ, ಬೈಗುಳ, ಟ್ಯೂಷನ್ನಿನ ನೆನಪು ಎಲ್ಲವೂ ಆಗುತ್ತದೆ. ಮಗುವೂ ತಪ್ಪು ತನ್ನದೇ ಎಂದು ನಂಬಿಬಿಡುತ್ತದೆ. ಹಿಡಿಯನ್ನು ಮಾತ್ರ ಯಾರೂ ನೋಡುವುದಿಲ್ಲ.

ಚಿಕ್ಕದು ಸುಲಭವಲ್ಲ

ಚಿಕ್ಕ ಕೈಯವರಿಗೆ ಚಿಕ್ಕ ಪಿಸ್ತೂಲು ಸಾಕು ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧ ಸತ್ಯ. ಹಿಡಿ ಚಿಕ್ಕದಿರಬೇಕು ನಿಜ, ಆದರೆ ಪಿಸ್ತೂಲೇ ಚಿಕ್ಕದಾದರೆ ಎರಡು ಸೈಟ್‌ಗಳ ಅಂತರವೂ ಕಡಿಮೆಯಾಗುತ್ತದೆ. ಆ ಅಂತರ 160 ಮಿಲಿಮೀಟರ್ ಇರುವ ಪಿಸ್ತೂಲಿನಲ್ಲಿ ಅದೇ ಕಾಲು ಮಿಲಿಮೀಟರಿನ ತಪ್ಪು ಹತ್ತು ಮೀಟರ್ ದೂರದಲ್ಲಿ 8ರ ಬದಲು ಸುಮಾರು 16 ಮಿಲಿಮೀಟರ್ ಆಗುತ್ತದೆ. ತಪ್ಪು ಅಷ್ಟೇ, ದಂಡ ಮಾತ್ರ ದುಪ್ಪಟ್ಟು.

ಮದ್ದುಗುಂಡಿನ ಪಿಸ್ತೂಲುಗಳಲ್ಲಿ ತೂಕದ ಮಾತೂ ಸೇರಿಕೊಳ್ಳುತ್ತದೆ. ಅದೇ ಗುಂಡನ್ನು ಹಗುರವಾದ ಪಿಸ್ತೂಲಿನಿಂದ ಹಾರಿಸಿದರೆ ಕೈಗೆ ಬೀಳುವ ಒದೆತ ಹೆಚ್ಚು. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಮಹಿಳೆಯರಿಗಾಗಿ ಎಂದು 'ನಿರ್ಭೀಕ್' ಎಂಬ .32 ರಿವಾಲ್ವರನ್ನು ಹೊರತಂದಾಗ ಅದರ ತೂಕ ಸುಮಾರು 500 ಗ್ರಾಂ, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಕೈಚೀಲದಲ್ಲಿ ಇಟ್ಟುಕೊಳ್ಳಲು ಹಗುರ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಆದರೆ ಒಯ್ಯಲು ಸುಲಭವಾದದ್ದು ಗುರಿಯಿಡಲೂ ಸುಲಭ ಎನ್ನಲಾಗದು.

ಪೊಲೀಸ್ ಹಾಗೂ ಸೇನೆಯ ಪಿಸ್ತೂಲುಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ನಮ್ಮ ದೇಶದಲ್ಲಿ ಬಳಕೆಗೆ ಬಂದ 9 ಎಂ.ಎಂ. 1ಎ ಪಿಸ್ತೂಲಿಗೆ ಬ್ರೌನಿಂಗ್ ಹೈ-ಪವರ್ ಮೂಲ. ಅದರ ಮ್ಯಾಗಜಿನ್‌ನಲ್ಲಿ 13 ಗುಂಡುಗಳು ಎರಡು ಸಾಲಿನಲ್ಲಿ ಕೂರುತ್ತವೆ. ಮ್ಯಾಗಜಿನ್ ಹಿಡಿಯೊಳಗೇ ಇರುವುದರಿಂದ ಹಿಡಿ ದಪ್ಪಗಾಗಲೇಬೇಕು. ಎಲ್ಲ ಸಿಬ್ಬಂದಿಗೂ ಒಂದೇ ಅಳತೆಯ ಹಿಡಿ ಕೊಟ್ಟರೆ ಚಿಕ್ಕ ಕೈಯವರಿಗೆ ಅದು ಕಷ್ಟವಾಗುವುದು ಸಹಜ. ಈ ಕೊರತೆಯನ್ನು ಅರಿತೇ ಜರ್ಮನಿಯ ವಾಲ್ಥರ್ ಕಂಪೆನಿ 1990ರ ದಶಕದ ಕೊನೆಯಲ್ಲಿ ತನ್ನ ಪಿ99 ಪಿಸ್ತೂಲಿನಲ್ಲಿ ಹಿಡಿಯ ಹಿಂಬದಿಯನ್ನು ಕೈಯ ಅಳತೆಗೆ ತಕ್ಕಂತೆ ಬದಲಾಯಿಸುವ ವ್ಯವಸ್ಥೆ ಮಾಡಿತು. 2010ರ ಸುಮಾರಿಗೆ ಬಂದ ಗ್ಲಾಕ್‌ನ ನಾಲ್ಕನೆಯ ಪೀಳಿಗೆಯ ಪಿಸ್ತೂಲುಗಳಲ್ಲೂ ಇಂಥದೇ ಅನುಕೂಲ ಬಂತು. ಕೈಗೆ ತಕ್ಕಂತೆ ಹಿಡಿ ಇರಬೇಕೆಂಬುದು ಬರೀ ಕ್ರೀಡಾಪಟುಗಳ ನಾಜೂಕು ಅಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮರದ ಹಿಡಿ, ಉಪ್ಪುಕಾಗದ

ಸ್ಪರ್ಧೆಯ ಪಿಸ್ತೂಲುಗಳ ಹಿಡಿ ಸಾಮಾನ್ಯವಾಗಿ ಅಂಗೈಯ ಉಬ್ಬುತಗ್ಗಿಗೆ ತಕ್ಕಂತೆ ಕೆತ್ತಿದ ಮರದ್ದು. ಇಟಲಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯ, ಜರ್ಮನಿಯ ತಯಾರಕರು ಇದನ್ನು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಹಲವು ಅಳತೆಗಳಲ್ಲಿ, ಎಡಗೈಗೆ ಬೇರೆ, ಬಲಗೈಗೆ ಬೇರೆ ಎಂದು ಕೊಡುತ್ತಾರೆ. ಅಂಗೈಯ ಕೆಳಗಿನ ಆಸರೆಯ ಹಲಗೆಯನ್ನು ಮೇಲೆ ಕೆಳಗೆ ಸರಿಸಬಹುದು. ಟ್ರಿಗರನ್ನೂ ಹಿಂದೆ ಮುಂದೆ ಹೊಂದಿಸಬಹುದು. ಇಷ್ಟಾದರೂ ಒತ್ತುವ ಕಡೆ ಉಪ್ಪುಕಾಗದದಿಂದ ಉಜ್ಜಿ, ಸಡಿಲವಿರುವ ಕಡೆ ಮರದ ಪುಟ್ಟಿ ಮೆತ್ತಿ ತಮ್ಮ ಕೈಗೇ ಹೊಂದಿಸಿಕೊಳ್ಳುವ ಶೂಟರುಗಳು ಬಹಳ.

ಇದಕ್ಕೂ ಮಿತಿಯುಂಟು. ಅಂತಾರಾಷ್ಟ್ರೀಯ ನಿಯಮದಂತೆ ಏರ್ ಪಿಸ್ತೂಲಿನ ತೂಕ 1,500 ಗ್ರಾಂ ಮೀರುವಂತಿಲ್ಲ. ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಹಿಡಿ ಮಣಿಕಟ್ಟಿಗೆ ಆಸರೆ ಕೊಡುವಂತಿಲ್ಲ, ಮಣಿಕಟ್ಟು ಕಣ್ಣಿಗೆ ಕಾಣುವಂತೆ ಮುಕ್ತವಾಗಿರಬೇಕು. ಮನೆಯಲ್ಲಿ ಪುಟ್ಟಿ ಮೆತ್ತುವಾಗ ಈ ಅಳತೆಗಳನ್ನು ಮರೆತರೆ ಸ್ಪರ್ಧೆಯ ದಿನ ಸಲಕರಣೆ ತಪಾಸಣೆಯಲ್ಲೇ ತಡೆ ಬೀಳುತ್ತದೆ.

ಎಡಗೈಯ ಕಥೆ

ಕೈಗೂ ಪಿಸ್ತೂಲಿಗೂ ಇರುವ ನಂಟಿನ ಬಗ್ಗೆ ಮಾತಾಡುವಾಗ ಹಂಗೇರಿಯ ಕರೋಯ್ ಟಕಾಚ್ ಅವರನ್ನು ನೆನೆಯದಿರಲಾಗದು. 1938ರಲ್ಲಿ ಗ್ರೆನೇಡ್ ಸಿಡಿದು ಅವರ ಬಲಗೈ ನಿಷ್ಪ್ರಯೋಜಕವಾಯಿತು. ಎದೆಗುಂದದೆ ಎಡಗೈಯಲ್ಲಿ ಅಭ್ಯಾಸ ಮಾಡಿ 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು. ನಮ್ಮವರೇ ಆದ ಮನೀಶ್ ನರ್ವಾಲ್ ಹುಟ್ಟಿನಿಂದಲೇ ಬಲಗೈಯ ಊನವಿದ್ದು, ಎಡಗೈಯಲ್ಲಿ ಗುರಿಯಿಟ್ಟು 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲಿನ ಚಿನ್ನ ತಂದರು.

ಈ ಸಾಧಕರ ಮುಂದೆ, ಮನೆಯಲ್ಲಿ ಎಡಗೈಯಲ್ಲಿ ಬರೆಯುವ ಮಗುವನ್ನು ಕ್ಲಬ್ಬಿನಲ್ಲಿ ಬಲಗೈ ಪಿಸ್ತೂಲು ಮಾತ್ರ ಇದೆಯೆಂದು ಬಲಗೈಗೆ ದೂಡುವುದು ಸರಿಯೇ ಎಂದು ಹಿರಿಯರು ಯೋಚಿಸಬೇಕು. ಬಲಗೈಗೆ ಕೆತ್ತಿದ ಹಿಡಿಯನ್ನು ಎಡಗೈಯಲ್ಲಿ ಹಿಡಿಸುವುದಂತೂ ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ತೊಡಿಸಿದಂತೆ.

ಕನ್ನಡಿಗರ ಸಾಧನೆ

ಕೋವಿ ಕನ್ನಡ ನಾಡಿಗೆ ಹೊಸದಲ್ಲ. ಕೊಡಗಿನ ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಪಿಸ್ತೂಲು ವಿಭಾಗದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿಯೂ ಚೇತರಿಸಿಕೊಂಡು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲು ಮಹಿಳಾ ತಂಡ ಹಾಗೂ ಮಿಶ್ರ ತಂಡ ಎರಡರಲ್ಲೂ ಬೆಳ್ಳಿ ಪಡೆದರು. ರೈಫಲ್ ವಿಭಾಗದಲ್ಲಿ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದವರು. ನವಿ ಮುಂಬಯಿಯಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿ ಹೊಸ ಪೀಳಿಗೆಗೆ ಕಲಿಸುತ್ತಿರುವುದು ಮುಂಬಯಿ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಹೆತ್ತವರು ಗಮನಿಸಬೇಕಾದದ್ದು

ಮಕ್ಕಳ ಯೂನಿಫಾರ್ಮನ್ನು ಬೆಳೆಯುವ ಮಕ್ಕಳೆಂದು ಎರಡಂಗುಲ ದೊಡ್ಡದಾಗಿಯೇ ಹೊಲಿಸುವುದು ನಮ್ಮ ಮಧ್ಯಮ ವರ್ಗದ ರೂಢಿ. ಪಿಸ್ತೂಲಿನ ಹಿಡಿಗೆ ಈ ಲೆಕ್ಕಾಚಾರ ನಡೆಯದು. ಇಂದು ದೊಡ್ಡದಾದ ಹಿಡಿಯಲ್ಲಿ ಒಂದು ವರ್ಷ ಕಲಿತ ತಪ್ಪು ಅಭ್ಯಾಸವನ್ನು ಕೈ ಬೆಳೆದ ಮೇಲೆ ಬಿಡಿಸುವುದು ಕಷ್ಟ. ಆಮದಾದ ಸ್ಪರ್ಧಾ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಸಿ, ಬೇರೆ ಬೇರೆ ಅಳತೆಯ ಹಿಡಿಗಳನ್ನು ಕೈಯಲ್ಲಿ ಹಿಡಿಸಿ ನೋಡಿಯೇ ಕೊಳ್ಳುವುದು ಜಾಣತನ. ಕೈ ಬೆಳೆದಾಗ ಪಿಸ್ತೂಲನ್ನೇ ಬದಲಾಯಿಸಬೇಕಿಲ್ಲ, ಹಿಡಿಯನ್ನು ಮಾತ್ರ ಬದಲಾಯಿಸಿದರೆ ಸಾಕು.

ಹೊಂದಾಣಿಕೆ ಪರೀಕ್ಷಿಸಲು ಸರಳ ಉಪಾಯವೊಂದಿದೆ. ರೇಂಜ್‌ನಲ್ಲಿ, ತರಬೇತುದಾರರ ಎದುರಿನಲ್ಲಿ, ಗುಂಡಿಲ್ಲದ ಪಿಸ್ತೂಲನ್ನು ಗುರಿಯತ್ತ ಎತ್ತಿ ಹಿಡಿದು ಮಗು ಕಣ್ಣು ಮುಚ್ಚಲಿ. ಕೆಲವು ಕ್ಷಣ ಬಿಟ್ಟು ಕಣ್ಣು ತೆರೆದಾಗ ಮುಂದಿನ ಸೈಟ್ ಹಿಂದಿನ ಕಚ್ಚಿನ ನಡುವೆಯೇ ಇದ್ದರೆ ಹಿಡಿ ಕೈಗೆ ಹೊಂದಿದೆ. ಪ್ರತಿ ಸಲವೂ ಅದು ಒಂದೇ ಬದಿಗೆ ಸರಿದಿದ್ದರೆ ಹಿಡಿಯನ್ನು ಮೊದಲು ನೋಡಬೇಕು, ಮಗುವನ್ನು ಆಮೇಲೆ. ಅಭ್ಯಾಸದ ಬಳಿಕ ಅಂಗೈಯಲ್ಲಿ ಒಂದೇ ಕಡೆ ಕೆಂಪು ಗುರುತು, ಮಣಿಕಟ್ಟಿನಲ್ಲಿ ನೋವು, ಕೊನೆಯ ಸರಣಿಗಳಲ್ಲಿ ಒಂದೇ ದಿಕ್ಕಿಗೆ ಸರಿಯುವ ಗುಂಡುಗಳು ಇವೂ ಅದೇ ಸೂಚನೆ. ಹಿಡಿಯನ್ನು ಉಜ್ಜುವುದಾದರೆ ಸ್ವಲ್ಪ ಸ್ವಲ್ಪವಾಗಿಯೇ ಉಜ್ಜಬೇಕು, ತೆಗೆದ ಮರ ಮರಳಿ ಬಾರದು. ಟ್ರಿಗರಿನ ಕೆಲಸವನ್ನು ಮಾತ್ರ ಬಲ್ಲವರಿಗೇ ಬಿಡಬೇಕು.

ಹಾಗೆಂದು ಹಿಡಿಯೊಂದೇ ಪದಕ ತಂದುಕೊಡುವುದಿಲ್ಲ. ಪ್ಯಾರಿಸ್‌ನಲ್ಲಿ ಒಂದು ಕೈ ಜೇಬಿನಲ್ಲಿಟ್ಟುಕೊಂಡು, ವಿಶೇಷ ಲೆನ್ಸ್‌ಗಳಿಲ್ಲದೆ ಮಿಶ್ರ ತಂಡದ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಅವರ ಚಿತ್ರವನ್ನು ಜಗತ್ತೇ ನೋಡಿತು. ಅವರ ಬೆನ್ನಿಗೆ ಇದ್ದದ್ದು ವರ್ಷಗಳ ಅಭ್ಯಾಸ. ಆದರೆ ಅವರ ಕೈಯಲ್ಲಿದ್ದುದೂ ಅಂಗೈಗೆ ತಕ್ಕಂತೆ ರೂಪಿಸಿದ ಹಿಡಿಯ ಸ್ಪರ್ಧಾ ಪಿಸ್ತೂಲೇ ಎಂಬುದನ್ನು ಮರೆಯಬಾರದು.

ವಾರ್ಷಿಕ ಕ್ರೀಡಾಕೂಟಗಳಲ್ಲಿ ಕ್ರಿಕೆಟ್, ವಾಲಿಬಾಲ್, ಥ್ರೋಬಾಲ್, ಹಗ್ಗಜಗ್ಗಾಟ ಏರ್ಪಡಿಸುವ ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ಆಸಕ್ತ ಮಕ್ಕಳನ್ನು ಸಮೀಪದ ಶೂಟಿಂಗ್ ರೇಂಜ್‌ಗೆ ಕರೆದೊಯ್ಯುವ ಬಗ್ಗೆಯೂ ಆಲೋಚಿಸಬಹುದು. ಪ್ರತಿಭೆಯಿದ್ದೂ ಅನುಕೂಲವಿಲ್ಲದ ಮಗುವಿಗೆ ಇಡೀ ಪಿಸ್ತೂಲು ಕೊಡಿಸುವುದು ಒಂದು ಸಂಘಕ್ಕೆ ಭಾರವಾದೀತು. ಕೈಗೆ ಹೊಂದುವ ಒಂದು ಹಿಡಿ ಕೊಡಿಸುವುದು ಅಷ್ಟು ಭಾರವಲ್ಲ. ಮಗುವಿನಲ್ಲಿ ಏಕಾಗ್ರತೆ ಇಲ್ಲವೆಂದು ತೀರ್ಮಾನಿಸಿ ಆಟದಿಂದಲೇ ಬಿಡಿಸುವ ಮೊದಲು, ಅದರ ಕೈಯನ್ನೊಮ್ಮೆ ಅಳೆದು ನೋಡುವುದು ಎಲ್ಲರ ಕರ್ತವ್ಯ.