ರಕ್ತಪಿಶಾಚಿಯ ಕಥೆಯಲ್ಲಿ ಯೆಹೂದ್ಯನ ನೆರಳು



ಡ್ರಾಕುಲಾನ ಹೆಸರು ಕೇಳದ ಮಕ್ಕಳು ವಿರಳ. ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಆ ಕಾದಂಬರಿಯನ್ನು ಓದದವರೂ ಅದರ ಸಿನಿಮಾ ನೋಡಿರುತ್ತಾರೆ. ಕಥೋಲಿಕರಾದ ನಮಗೆ ಅದರಲ್ಲಿ ಒಂದಿಷ್ಟು ಖುಷಿಯೂ ಉಂಟು. ಶಿಲುಬೆ ಕಂಡರೆ ಪಿಶಾಚಿ ಹಿಂಜರಿಯುತ್ತದೆ. ವ್ಯಾನ್ ಹೆಲ್ಸಿಂಗ್ ಎಂಬ ವೈದ್ಯ ಪರಮಪ್ರಸಾದವನ್ನೇ ಆಯುಧ ಮಾಡಿಕೊಳ್ಳುತ್ತಾನೆ. (ಅದನ್ನು ಪುಡಿಮಾಡಿ, ಕಲಸಿ, ಗೋರಿಯ ಬಾಗಿಲ ಸಂದಿಗೆ ಮೆತ್ತಲು ಯಾವ ಧರ್ಮಾಧ್ಯಕ್ಷರೂ ಅನುಮತಿ ಕೊಡಲಾರರು ಎಂಬುದು ಬೇರೆ ಮಾತು!)

ಆದರೆ ಈ ಕಥೆಯ ಭಯ ಬಂದದ್ದೆಲ್ಲಿಂದ? 1881ರಿಂದ ರಷ್ಯಾ ಸಾಮ್ರಾಜ್ಯದಲ್ಲಿ ಯೆಹೂದ್ಯರ ಮೇಲೆ ದಾಳಿಗಳು ನಡೆದವು. ಸಾವಿರಾರು ಬಡ ಕುಟುಂಬಗಳು ಓಡಿಬಂದು ಲಂಡನ್ನಿನ ಪೂರ್ವ ಭಾಗದಲ್ಲಿ ನೆಲೆಸಿದವು. ಇವರು ರೋಗ ತರುತ್ತಾರೆ, ನಮ್ಮ ಅನ್ನ ಕಸಿಯುತ್ತಾರೆ ಎಂಬ ಮಾತು ಹಬ್ಬಿತು. 1905ರಲ್ಲಿ ವಲಸೆ ತಡೆಯುವ ಕಾನೂನೂ ಬಂತು. ಆ ವರ್ಷಗಳಲ್ಲಿಯೇ ಹುಟ್ಟಿದ್ದು, ಪೂರ್ವ ಯೂರೋಪಿನಿಂದ ಹಡಗೇರಿ ಬಂದು ಲಂಡನ್ನಿನಲ್ಲಿ ಮನೆ ಕೊಂಡು ಜನರ ರಕ್ತ ಹೀರುವವನ ಈ ಕಥೆ. ಸ್ಟೋಕರ್ ಅವನನ್ನು ಯೆಹೂದ್ಯ ಎನ್ನುವುದಿಲ್ಲ. ಟ್ರಾನ್ಸಿಲ್ವೇನಿಯಾದ ಸಿರಿವಂತ ಒಡೆಯ ಎನ್ನುತ್ತಾನೆ. ಆದರೂ ಹದ್ದಿನ ಕೊಕ್ಕಿನಂಥ ಮೂಗು, ಚಾಕು ತಾಗಿ ಕೋಟು ಹರಿದಾಗ ಸುರಿಯುವ ಚಿನ್ನದ ನಾಣ್ಯ, ಜೀವ ಉಳಿಸಿಕೊಳ್ಳುವ ಅವಸರದಲ್ಲೂ ಅದನ್ನು ಬಾಚಿಕೊಳ್ಳುವ ಪರಿ, ಇವೆಲ್ಲ ಆಗಿನ ಯೆಹೂದ್ಯದ್ವೇಷದ ಚಿತ್ರಗಳನ್ನೇ ಹೋಲುತ್ತವೆ ಎಂದು ವಿಮರ್ಶಕರು ತೋರಿಸಿದ್ದಾರೆ. ಕೊನೆಯಲ್ಲಿ ಬರುವ ಹಿಲ್ಡೆಶೈಮ್ ಎಂಬ ಯೆಹೂದ್ಯನ ವಿಷಯದಲ್ಲಂತೂ ಮುಸುಕೇ ಇಲ್ಲ. ಅವನ ಮೂಗಿಗೆ ಗೇಲಿ. ಕೈಗೆ ದುಡ್ಡು ಬಿದ್ದ ಮೇಲೆಯೇ ಅವನು ಬಾಯಿ ಬಿಡುವುದು.

ಹಾಳು ಕೋಟೆ, ಮಠದ ನೆಲಮಾಳಿಗೆ, ದೆವ್ವಭೂತಗಳ ಇಂಥ ಕಥೆಗಳಿಗೆ ‘ಗಾಥಿಕ್’ ಎಂದು ಹೆಸರು. ಅವುಗಳಲ್ಲಿ ಒಂದಾದ, 1796ರ ‘ದ ಮಂಕ್’ ಎಂಬ ಕಾದಂಬರಿಯಲ್ಲಿ ಮ್ಯಾಥ್ಯೂ ಲೂಯಿಸ್, ಹಣೆಯ ಮೇಲೆ ಉರಿಯುವ ಶಿಲುಬೆಯ ಗುರುತು ಹೊತ್ತು ಸಾವಿಲ್ಲದೆ ಅಲೆಯುವ ಯೆಹೂದ್ಯನೊಬ್ಬನನ್ನು ತಂದ. ಶಿಲುಬೆ ಹೊತ್ತು ನಡೆಯುತ್ತಿದ್ದ ಯೇಸುಸ್ವಾಮಿಯನ್ನು ಅವಮಾನಿಸಿದವನಿಗೆ ಈ ಶಾಪವೆಂದು ದಂತಕಥೆ. ಶುಭಸಂದೇಶದ ನಾಲ್ಕು ಪುಸ್ತಕಗಳಲ್ಲಿ ಹುಡುಕಿದರೂ ಇಂಥವನು ಸಿಗುವುದಿಲ್ಲ. ಇಂಗ್ಲೆಂಡಿನ ಸಂತ ಆಲ್ಬನ್ಸ್ ಮಠದ ಚರಿತ್ರೆಯಲ್ಲಿ, 1228ರ ವೃತ್ತಾಂತದಲ್ಲಿ, ಅವನು ಪಿಲಾತನ ಬಾಗಿಲು ಕಾಯುವವನು. ಪಶ್ಚಾತ್ತಾಪಪಟ್ಟು ದೀಕ್ಷಾಸ್ನಾನವನ್ನೂ ಪಡೆದವನು. 1602ರ ಜರ್ಮನ್ ಕಿರುಹೊತ್ತಗೆಯಲ್ಲಿ ಅವನೇ ಅಹಸ್ವೇರ ಎಂಬ ಯೆಹೂದ್ಯ ಚಮ್ಮಾರನಾದ. ಜರ್ಮನ್ನರು ಅವನನ್ನು ‘ಶಾಶ್ವತ ಯೆಹೂದ್ಯ’ ಎಂದು ಕರೆದರು. 1940ರಲ್ಲಿ ನಾಜಿಗಳು ಅದೇ ಹೆಸರಿನ ಸಿನಿಮಾ ತೆಗೆದು, ಯೆಹೂದ್ಯರನ್ನು ಇಲಿಗಳ ಹಿಂಡಿಗೆ ಹೋಲಿಸಿದರು.

ಇನ್ನು ರಕ್ತದ ಮಾತು. ಯೆಹೂದ್ಯರು ಕ್ರೈಸ್ತ ಮಕ್ಕಳನ್ನು ಕೊಂದು ರಕ್ತ ಬಳಸುತ್ತಾರೆ ಎಂಬ ಆರೋಪ ಮಧ್ಯಯುಗದ ಯೂರೋಪಿನದು. ಯಾಜಕಕಾಂಡದ 17ನೇ ಅಧ್ಯಾಯ ಓದಿದವರಿಗೆ ಇದರ ಹುಚ್ಚುತನ ಅರ್ಥವಾಗುತ್ತದೆ: ಪ್ರಾಣಿಯ ರಕ್ತವನ್ನು ಸಹ ಉಣ್ಣಬಾರದೆಂಬ ಕಟ್ಟಳೆ ಇರುವ ಜನ ಅವರು! ಜಗದ್ಗುರು ನಾಲ್ಕನೇ ಇನ್ನೊಸೆಂಟ್ 1247ರಲ್ಲಿಯೇ ಈ ಆರೋಪವನ್ನು ತಳ್ಳಿಹಾಕಿದ್ದರು. ಕೇಳಿದವರು ಕಡಿಮೆ.

ಶುಭ ಶುಕ್ರವಾರದ ಪಾಡಿನ ವಾಚನ ಕೇಳಿ, “ಯೆಹೂದ್ಯರೇ ಯೇಸುವನ್ನು ಕೊಂದರಲ್ವಾ ಫಾದರ್?” ಎಂದು ಮಕ್ಕಳು ಕೇಳುವುದುಂಟು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಇದಕ್ಕೆ ಉತ್ತರ ಕೊಟ್ಟಿದೆ: ಆ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಕೂಡದು. ಮನೆಯಲ್ಲಿ ತಂದೆತಾಯಿಯರೂ ಈ ಉತ್ತರವನ್ನೇ ಕೊಡಬೇಕು.

ಅದೇ 1965ರಲ್ಲಿ ಇಟಲಿಯ ತ್ರೆಂತ್ ನಗರದಲ್ಲಿ ಇನ್ನೊಂದು ಕೆಲಸವಾಯಿತು. 1475ರಲ್ಲಿ ಅಲ್ಲಿ ಸಿಮೋನ್ ಎಂಬ ಎಳೆಯ ಬಾಲಕ ಸತ್ತಾಗ, ರಕ್ತಕ್ಕಾಗಿ ಕೊಂದರೆಂದು ಊರಿನ ಯೆಹೂದ್ಯರಿಗೆ ಚಿತ್ರಹಿಂಸೆ ಕೊಟ್ಟು, ಹಲವರನ್ನು ಕೊಲ್ಲಲಾಗಿತ್ತು. ಆ ಬಾಲಕನನ್ನು ರಕ್ತಸಾಕ್ಷಿಯೆಂದು ಶತಮಾನಗಳ ಕಾಲ ಗೌರವಿಸುತ್ತಿದ್ದ ಪದ್ಧತಿಯನ್ನು ಧರ್ಮಸಭೆ ಅಂದು ರದ್ದುಗೊಳಿಸಿತು. 2019ರ ಕೊನೆಯಲ್ಲಿ ಅಲ್ಲಿನ ಧರ್ಮಪ್ರಾಂತ್ಯದ ವಸ್ತುಸಂಗ್ರಹಾಲಯವೇ ಈ ಪ್ರಕರಣದ ಪ್ರದರ್ಶನವೊಂದನ್ನು ತೆರೆಯಿತು. ಅದಕ್ಕಿಟ್ಟ ಹೆಸರಿನ ಅರ್ಥ ‘ಅಪರಾಧಿಯ ಸೃಷ್ಟಿ’.