ಮಾಗಿದ ಕಂಠದ ಮಹಿಮೆ: ಪಂಡಿತ ಮಲ್ಲಿಕಾರ್ಜುನ ಮನಸೂರರ ಇಳಿವಯಸ್ಸಿನ ಗಾಯನ

ದೇಹಕ್ಕೆ ಮುಪ್ಪು ಬರುವುದು ಸೃಷ್ಟಿಯ ನಿಯಮ. ಆದರೆ ಸಾಧನೆಗೂ ಮುಪ್ಪು ಬರುವುದೇ? ಗಾಯಕನಿಗೆ ಕಂಠವೇ ಬಂಡವಾಳ. ಅರವತ್ತು ದಾಟಿದೊಡನೆ ಅದು ಕರಗತೊಡಗುತ್ತದೆ, ಆ ಬಳಿಕ ವೇದಿಕೆಯಿಂದ ಹಿಂದೆ ಸರಿಯುವುದೇ ಲೇಸು ಎಂಬುದು ಲೋಕದ ಮಾತು. ಈ ಮಾತನ್ನು ತಮ್ಮ ಬಾಳಿನಿಂದಲೇ ಸುಳ್ಳಾಗಿಸಿದವರು ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನಸೂರರು. ಕರ್ನಾಟಕ ಸಂಗೀತದ ನೆರಳಿನಲ್ಲಿ ಬೆಳೆದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಸದ್ಭಕ್ತರಿಗೆ ಅವರ ಹೆಸರು ಹೊಸದಲ್ಲ. ಆದರೆ ಅವರ ಗಾಯನವು ವಯಸ್ಸಿನೊಡನೆ ಬೆಳಗಿದ ಬಗೆಯು ವಿಶೇಷವಾಗಿ ಮನನಯೋಗ್ಯವಾಗಿದೆ.

1910ರ ಡಿಸೆಂಬರ್ 31ರಂದು ಧಾರವಾಡದ ಸಮೀಪದ ಮನಸೂರು ಗ್ರಾಮದ ಲಿಂಗಾಯತ ಮನೆತನದಲ್ಲಿ ಅವರು ಜನಿಸಿದರು. ಅಣ್ಣ ಬಸವರಾಜರು ರಂಗಭೂಮಿಯ ನಟರು. ಬಾಲಕ ಮಲ್ಲಿಕಾರ್ಜುನರೂ ಬಣ್ಣ ಹಚ್ಚಿ ರಂಗವೇರಿದರು. ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿಯ ಶಿಕ್ಷಣವಾಯಿತು. ಯೌವನದಲ್ಲಿಯೇ ಅವರ ಗಾನಮುದ್ರಿಕೆಗಳು ಹೊರಬಂದು ಹೆಸರು ತಂದವು.

ಇಲ್ಲಿಗೆ ತೃಪ್ತರಾಗಿದ್ದರೆ ಅವರು ಅನೇಕ ಉತ್ತಮ ಗಾಯಕರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಆದರೆ ಹೆಸರು ಬಂದ ಮೇಲೆ ಅವರು ಮತ್ತೆ ಶಿಷ್ಯರಾದರು. ಜೈಪುರ-ಅತ್ರೌಲಿ ಘರಾಣೆಯ ಪ್ರವರ್ತಕರಾದ ಉಸ್ತಾದ್ ಅಲ್ಲಾದಿಯಾ ಖಾನರ ಪುತ್ರ ಮಂಜಿಖಾನರ ಮುಂದೆ ಕುಳಿತು ಕಲಿಕೆಯನ್ನು ಹೊಸದಾಗಿ ಆರಂಭಿಸಿದರು. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡಾಗ, ಅವರ ತಮ್ಮ ಭುರ್ಜಿಖಾನರಲ್ಲಿ ಆ ಕಲಿಕೆಯನ್ನು ಮುಂದುವರಿಸಿದರು. ಕಲಿತದ್ದನ್ನು ಅರಗಿಸಿಕೊಳ್ಳಲು ದಶಕಗಳೇ ಬೇಕಾದವು.

ಅಖಿಲ ಭಾರತದ ಮನ್ನಣೆ ಅವರನ್ನು ಅರಸಿ ಬಂದುದು ತಡವಾಗಿ. 1970ರಲ್ಲಿ ಪದ್ಮಶ್ರೀ ದೊರೆತಾಗ ಅವರಿಗೆ ಅರವತ್ತರ ಆಸುಪಾಸು. 1976ರಲ್ಲಿ ಪದ್ಮಭೂಷಣ, 1982ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 1992ರಲ್ಲಿ ಪದ್ಮವಿಭೂಷಣ. ಅದೇ ವರ್ಷದ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಇವು ವೃದ್ಧಾಪ್ಯಕ್ಕೆ ಸಂದ ಕನಿಕರದ ಗೌರವಗಳಲ್ಲ. ಯೌವನದ ಮುದ್ರಿಕೆಗಳನ್ನೂ ಇಳಿವಯಸ್ಸಿನ ಧ್ವನಿಮುದ್ರಣಗಳನ್ನೂ ಒಟ್ಟಿಗೆ ಕೇಳಿದವರಿಗೆ ಇದು ತಾನಾಗಿಯೇ ತಿಳಿಯುತ್ತದೆ. ಮೊದಲಿನವುಗಳಲ್ಲಿ ಕಂಠದ ಬೆಡಗು, ತಾನುಗಳ ವೇಗ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷಗಳ ಆ ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚಿಗೆ ಎಡೆಯೂ ಇರಲಿಲ್ಲ. ಕಡೆಯವುಗಳಲ್ಲಿ ಧ್ವನಿ ಒಂದಿಷ್ಟು ಒರಟಾಗಿದೆ, ಆದರೆ ರಾಗವೇ ಎದುರಿಗೆ ಬಂದು ನಿಂತಂತಿದೆ.

ಇದಕ್ಕೆ ಕಾರಣವೇನು? ಜೈಪುರ ಗಾಯಕಿಯು ಕಂಠದ ಮೆರೆತವನ್ನು ನೆಚ್ಚಿದುದಲ್ಲ. ಎರಡು ರಾಗಗಳು ಬೆರೆತ ಸಂಕೀರ್ಣ ರಾಗಗಳನ್ನು ಹದಗೆಡದಂತೆ ನಡೆಸಬೇಕು. ಪ್ರತಿಯೊಂದು ಸ್ವರಸಮುದಾಯವನ್ನೂ ತಾಳದ ಗತಿಗೆ ಹೆಣೆಯಬೇಕು. ಒಂದೇ ಉಸಿರಿನಲ್ಲಿ ದೀರ್ಘ ಸಂಚಾರವನ್ನು ಮುಗಿಸಿ ಸಮಕ್ಕೆ ಬಂದು ಸೇರಬೇಕು. ಶುದ್ಧ ನಟ, ಶಿವಮತ ಭೈರವ, ಬಹಾದುರಿ ತೋಡಿಯಂಥ ಅಪರೂಪದ ರಾಗಗಳು ಮನಸೂರರಿಗೆ ಮನೆಯ ಅಂಗಳದಂತೆ ಪರಿಚಿತವಾಗಿದ್ದವು. ಇಂಥ ವಿದ್ಯೆಯಲ್ಲಿ ವಯಸ್ಸು ಕಳೆಯುವುದಕ್ಕಿಂತ ಕೂಡಿಸುವುದೇ ಹೆಚ್ಚು. ಏನನ್ನು ಹಾಡಬೇಕು ಎಂಬುದನ್ನು ಯೌವನ ಬಲ್ಲದು. ಏನನ್ನು ಬಿಡಬೇಕು ಎಂಬ ವಿವೇಕ ಮಾಗಿದ ಮೇಲೆಯೇ ಬರುವುದು.

ಎರಡನೆಯ ಕಾರಣ ನಮ್ಮ ಶರಣಧರ್ಮಕ್ಕೆ ಹತ್ತಿರವಾದುದು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗೆ ಅಚಲ ಭಕ್ತಿ. ಅವರ ಮನೆಯ ಹೆಸರೂ ‘ಮೃತ್ಯುಂಜಯ’. ಶಿವಶರಣರ ವಚನಗಳನ್ನು ಅವರು ಹಾಡಿದಾಗ ಅದು ಖ್ಯಾಲ್ ಗಾಯನದ ನಂತರದ ಹಗುರ ತಿನಿಸಾಗಲಿಲ್ಲ, ಪೂಜೆಯೇ ಆಯಿತು. ಅವರಿಗೆ ಗಾಯನವು ಕಾಯಕವಾಗಿತ್ತು. ಉದ್ಯೋಗಕ್ಕೆ ನಿವೃತ್ತಿಯುಂಟು, ಕಾಯಕಕ್ಕೆ ಎಲ್ಲಿಯ ನಿವೃತ್ತಿ?

ಇದು ಉತ್ತರದ ಒಬ್ಬ ಗಾಯಕರಿಗೆ ಮಾತ್ರ ಸಂದ ಭಾಗ್ಯವಲ್ಲ. ನಮ್ಮ ಸೀಮೆಯವರು ಮೆಚ್ಚುವ ಕರ್ನಾಟಕ ಸಂಗೀತದಲ್ಲಿಯೂ, 1920ರಲ್ಲಿ ರುದ್ರಪಟ್ಟಣದಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ನಡೆಸಿದರು. ಶ್ರುತಿಶುದ್ಧಿಯೂ ಸಾಹಿತ್ಯಶುದ್ಧಿಯೂ 2014ರಲ್ಲಿ ಅವರು ಅಗಲುವ ತನಕ ಅವರ ಹೆಸರಿಗೆ ಹೊಂದಿಕೊಂಡೇ ಇದ್ದವು.

ವಯಸ್ಸಾದ ಮಾತ್ರಕ್ಕೆ ಎಲ್ಲರ ಹಾಡೂ ಮಾಗುವುದಿಲ್ಲ ಎಂಬುದೂ ದಿಟ. ಸಾಧನೆ ನಿಂತ ಕಂಠವು ಬಳಸದ ಬಾವಿಯಂತೆ ಹೂಳು ತುಂಬಿಕೊಳ್ಳುತ್ತದೆ. ಆದರೆ ನಿತ್ಯವೂ ಸೇದುವ ಬಾವಿಗೆ ನಾವೇ ಕಲ್ಲು ಮುಚ್ಚಬಾರದಷ್ಟೆ. ಬಸವ ಜಯಂತಿಯಲ್ಲಿ, ಶಿವರಾತ್ರಿಯ ಜಾಗರಣೆಯಲ್ಲಿ ಧ್ವನಿವರ್ಧಕವನ್ನು ಎಳೆಯರ ಕೈಗಿತ್ತು, ಜೀವಮಾನವಿಡೀ ವಚನ, ತತ್ತ್ವಪದಗಳನ್ನು ಹಾಡಿಕೊಂಡು ಬಂದ ಹಿರಿಯರಿಗೆ ಕೊನೆಗೆ ಒಂದೆರಡು ನಿಮಿಷ ಉಳಿಸುವ ಪದ್ಧತಿ ಹಲವೆಡೆ ಬೆಳೆಯುತ್ತಿದೆ. ಅವರ ನಾಲಗೆಯ ಮೇಲಿರುವ ಮಟ್ಟುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರೊಡನೆಯೇ ಹೋದರೆ ಮರಳಿ ಬಾರವು. ಮನಸೂರರ ಪುತ್ರ ರಾಜಶೇಖರರು ತಂದೆಯ ಹಿಂದೆ ಕುಳಿತು ದನಿಗೂಡಿಸುತ್ತಲೇ ಆ ವಿದ್ಯೆಗೆ ವಾರಸುದಾರರಾದರು. ನಮ್ಮ ಮಕ್ಕಳನ್ನೂ ಮನೆಯ ಅಜ್ಜ ಅಜ್ಜಿಯರ ಪಕ್ಕದಲ್ಲಿ ಹಾಗೆ ಕೂರಿಸೋಣ. ಬರುವ ಸೋಮವಾರದ ಭಜನೆಯಲ್ಲಿ ಮೊದಲ ಪದ ಹಿರಿಯರದಾಗಲಿ.